ಕೊನೆಯ ಚೆಂಡು ಗೋಲಾಗಬೇಕು

ಫುಟ್‌ಬಾಲಿನಲ್ಲಿ ಗೋಲು ಹೊಡೆಯುವುದು ಬಹಳ ಸುಲಭ ಎಂದು ತಿಳಿದವರೆಲ್ಲ ಗ್ಯಾಲರಿಯಲ್ಲಿ ಕೂತಿರುತ್ತಾರೆ. ಅದರ ಕಷ್ಟ ಗೊತ್ತಿರುವವನು ಒಬ್ಬನೇ; ಅವನು ಚೆಂಡು ಮುಂದಿಟ್ಟುಕೊಂಡು ಗೋಲಿನೆದುರು ನಿಂತಿರುತ್ತಾನೆ.

ಆ ವರ್ಷದ ಕರಾವಳಿ ಲೀಗಿನ ಸೆಮಿಫೈನಲಿನಲ್ಲಿ ಹಾಗೆ ನಿಂತವನು ಅಳಿವೆಬಾಗಿಲು ಕ್ಲಬ್ಬಿನ ಸುಜಿತ್ ಸಾಲಿಯಾನ್. ಎದುರಿಗೆ ಇದ್ದದ್ದು ಕೀಪರ್ ಒಬ್ಬನೇ. ಹಿಂದಿನಿಂದ ಓಡಿ ಬರುವವರು ಇನ್ನೂ ದೂರವಿದ್ದರು. ಸುಜಿತ್ ಎಡಮೂಲೆ ನೋಡಿದ, ಬಲಮೂಲೆ ನೋಡಿದ, ಆಮೇಲೆ ಚೆಂಡನ್ನು ಆಕಾಶಕ್ಕೆ ಕಳಿಸಿದ. ಅದು ಗ್ಯಾಲರಿ ದಾಟಿ ಫಲ್ಗುಣಿ ನದಿಗೆ ಬಿತ್ತು, ಪಂದ್ಯವೂ ಅದರ ಜೊತೆಗೇ ಹೋಯಿತು. ಮರುದಿನದಿಂದ ಅವನ ಊರಾದ ಬೆಂಗ್ರೆಯ ದೋಣಿಕಡವಿನಲ್ಲಿ ಅವನನ್ನು ಕಂಡವರೆಲ್ಲ, "ಸುಜಿತಣ್ಣ, ನಿಮ್ಮ ಚೆಂಡು ಲಕ್ಷದ್ವೀಪ ಮುಟ್ಟಿತಂತೆ, ಹೌದಾ?" ಎಂದು ಬಹಳ ಕಾಳಜಿಯಿಂದ ವಿಚಾರಿಸತೊಡಗಿದರು.

ಏನೂ ಕೇಳದವನೆಂದರೆ ಅವನ ಭಾವ ಜಯಕರ ಮೆಂಡನ್. ಜಯಕರ ಅದೇ ಕ್ಲಬ್ಬಿನ ಹಳೆಯ ಗೋಲ್‌ಕೀಪರ್, ಈಗ ಅಲ್ಲಿಯ ಕೀಪರುಗಳಿಗೆ ತರಬೇತಿ ಕೊಡುವವನು. ಅವನ ಹೆಂಡತಿ ಹೇಮಲತಾಳ ತಮ್ಮನೇ ಸುಜಿತ್. ಅಪ್ಪ ಅಮ್ಮ ತೀರಿಹೋದ ಮೇಲೆ ಅಕ್ಕನ ಮನೆಯಲ್ಲೇ ಬೆಳೆದವನು. ಮಕ್ಕಳಿಲ್ಲದ ಆ ಮನೆಗೆ ಅವನೇ ಮಗ. ಅವನ ಕಾಲಿಗೆ ಮೊದಲ ಚೆಂಡು ಉರುಳಿಸಿದ್ದು ಜಯಕರನೇ, ಮೊದಲ ಗೋಲು ಬಿಟ್ಟುಕೊಟ್ಟದ್ದೂ ಅವನೇ.

ಬಿಟ್ಟುಕೊಟ್ಟದ್ದು ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬೆಂಗ್ರೆಯ ಮರಳಿನಲ್ಲಿ ಆಡಿ ಬೆಳೆದವರಲ್ಲಿ ಒಂದು ಕಟ್ಟಳೆ ಉಂಟು. ಆಟ ಮುಗಿಸುವಾಗ ಕೊನೆಯ ಚೆಂಡು ಗೋಲಾಗಲೇಬೇಕು; ತಪ್ಪಿದ ಚೆಂಡಿನ ಮೇಲೆ ಯಾರೂ ಮನೆಗೆ ಹೋಗುವಂತಿಲ್ಲ. ಮೀನು ಬೀಳದ ದಿನವೂ ಸಾರಿಗೆ ಬೇಕಾದಷ್ಟಾದರೂ ಹಿಡಿದು ದಡ ಹತ್ತುವ ಜನ ಅದು, ಬರಿಗೈ ಎಂದರೆ ಅವರಿಗಾಗದು. ಆದರೆ ಆಡಿ ಆಡಿ ದಣಿದ ಕಾಲಿಗೆ ಗೋಲು ಎಲ್ಲಿಂದ ಬರಬೇಕು? ಆಗ ಕೀಪರ್ ಆದವನು ಸುಳ್ಳಿಗೆ ಒಂದು ಬದಿಗೆ ಹಾರಿಬಿಡುತ್ತಾನೆ. ಒದ್ದವನು ಗೆದ್ದೆನೆಂದು ಕುಣಿಯುತ್ತಾನೆ, ಕೀಪರ್ ಮರಳು ಕೊಡವಿಕೊಂಡು ಏಳುತ್ತಾನೆ, ಎಲ್ಲರೂ ಮನೆಗೆ ಹೋಗುತ್ತಾರೆ. ಕೀಪರುಗಳಿಗೆಲ್ಲ ಇದು ಗೊತ್ತು. ಒದೆಯುವವರಿಗೆ ಯಾರೂ ಹೇಳುವುದಿಲ್ಲ.

ಜಯಕರ ಈ ವಿದ್ಯೆಯಲ್ಲಿ ಪಳಗಿದವನು. ದಣಿದವನ ಒದೆತ ಮೂಲೆಗೆ ಹೋಗುವುದಿಲ್ಲ, ನೇರ ಕೀಪರನ ಹೊಟ್ಟೆಗೇ ಬರುತ್ತದೆ. ಜಯಕರ ಚೆಂಡಿಗಿಂತ ಕೂದಲೆಳೆಯಷ್ಟು ಮೊದಲೇ ತನ್ನ ಬಲಕ್ಕೆ ಹಾರುತ್ತಿದ್ದ. ಅವನು ನಿಂತಿದ್ದ ಜಾಗದಲ್ಲೇ ಚೆಂಡು ಹಾದು ಬಲೆಗೆ ಬೀಳುತ್ತಿತ್ತು. ಸುಜಿತನಿಗೆ ಏಳು ವರ್ಷವಿದ್ದಾಗಿನಿಂದ ಹೀಗೆ ಹಾರಿದ್ದಾನೆ. ಸೆಮಿಫೈನಲ್ ಸೋತ ಮೇಲಂತೂ ಸುಜಿತ್ ಎಲ್ಲರೂ ಹೋದ ನಂತರವೂ ಮೈದಾನದಲ್ಲಿ ಉಳಿದು, "ಭಾವ, ಇನ್ನು ಸ್ವಲ್ಪ ಹೊಡೆಯುವ" ಎನ್ನುತ್ತಿದ್ದ. ಹೊಡೆದಷ್ಟೂ ಹೆಚ್ಚು ತಪ್ಪುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅದನ್ನು ಕಂಡು ಜಯಕರ ಬಲಕ್ಕೆ ಹಾರುತ್ತಿದ್ದ.

ಹೀಗಿರುವಾಗ ಕ್ಲಬ್ಬಿನ ಯಜಮಾನ ಪ್ರಭಾಕರ ರೈಗಳು ಸುಜಿತನ ಒದೆತ ಸರಿಮಾಡಲು ಡಾಕ್ಟರ್ ಐರಿನ್ ಲೋಬೊ ಅವರನ್ನು ಕರೆಸಿದರು. ನರಮಂಡಲದ ವಿಜ್ಞಾನಿ, ದನಿ ಎತ್ತದೆ ಮಾತಾಡುವ ಹೆಂಗಸು. ಗ್ಯಾಲರಿಯ ಕೆಳಗಿನ ಉದ್ದ ಕೋಣೆಯನ್ನು ಅವರ ಪ್ರಯೋಗಾಲಯ ಮಾಡಿದರು. ಅಲ್ಲಿ ಪರದೆಗಳು, ಒಂದು ಮಂಚ, ಮತ್ತು ಹಣೆಗೆ ಕಟ್ಟುವ ಒಂದು ಬೂದುಬಣ್ಣದ ಪಟ್ಟಿ ಇದ್ದವು.

"ಸಾವಿರ ಸಲ ಒದ್ದವನೂ ಯಾಕೆ ತಪ್ಪುತ್ತಾನೆ, ಗೊತ್ತುಂಟಾ ಜಯಕರಣ್ಣ?" ಎಂದು ಅವರು ಮೊದಲ ದಿನವೇ ಕೇಳಿದರು.

"ಹೆದರಿಕೆ, ಮತ್ತೆಂತ?"

"ಅರ್ಧ ಸರಿ. ಮೆದುಳು ಒಂದೇ ಆಜ್ಞೆಯನ್ನು ಎರಡು ಸಲ ಒಂದೇ ಹಾಗೆ ಕಳಿಸುದಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರ್ತದೆ. ಕಾಲಿನ ಹತ್ರ ನೂಲಿನಷ್ಟು ವ್ಯತ್ಯಾಸ, ಗೋಲಿನ ಹತ್ರ ಹೋಗುವಾಗ ಮಾರು ದೂರ. ಅದು ಎಲ್ಲರಿಗೂ ಉಂಟು, ಅದಕ್ಕೆ ಯಾರೂ ಏನೂ ಮಾಡ್ಲಿಕ್ಕಾಗುದಿಲ್ಲ. ಆದರೆ ದೊಡ್ಡ ಕಳ್ಳ ಬೇರೆ. ಕಾಲೆತ್ತಿದ ಮೇಲೆ ಮೆದುಳು ಇನ್ನೊಮ್ಮೆ ನೋಡ್ತದೆ. ಕೀಪರ್ ಎಲ್ಲಿದ್ದಾನೆ, ಯಾರಿಗಾದ್ರೂ ತಾಗ್ತದಾ, ಇದು ಸರಿಯಾ ಅಂತ. ನಾವು ಅದನ್ನು ಎರಡನೇ ನೋಟ ಅಂತ ಹೇಳುದು. ಆ ನೋಟಕ್ಕೆ ಚೂರು ಸಮಯ ಬೇಕು. ಆ ಸಮಯದಲ್ಲಿ ಕಾಲು ದಾರಿ ತಪ್ತದೆ."

"ಅಂದ್ರೆ ಹೆಚ್ಚು ಪ್ರಾಕ್ಟೀಸ್ ಮಾಡಿ ಪ್ರಯೋಜನ ಇಲ್ವಾ ಡಾಕ್ಟ್ರೇ?"

"ಪ್ರಾಕ್ಟೀಸ್ ಮಾಡಿದ್ದು ಗಟ್ಟಿಯಾಗ್ತದೆ. ಒಳ್ಳೇದಾಗ್ತದೆ ಅಂತ ಯಾರು ಹೇಳಿದ್ದು? ಸುಜಿತ್ ಅಳ್ತಾ ಒದೀತಾನೆ. ಗಟ್ಟಿಯಾಗುದು ಅಳುವೇ."

ಪಟ್ಟಿಯ ಕೆಲಸವನ್ನೂ ಅವರು ವಿವರಿಸಿದರು. ಮನುಷ್ಯ ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಹಗಲು ಮಾಡಿದ್ದನ್ನು ಮೆದುಳು ನಿದ್ದೆಯಲ್ಲಿ ಮತ್ತೆ ಮತ್ತೆ ಆಡಿ ನೋಡಿಕೊಳ್ಳುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಪಟ್ಟಿ ಒಂದು ಒಳ್ಳೆಯ ಒದೆತವನ್ನು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಆಟಗಾರ ಮಂಚದ ಮೇಲೆ ಮಲಗಿ ನಿದ್ದೆಹೋದಾಗ ಅದೊಂದನ್ನೇ ಸಾವಿರಾರು ಸಲ ಆಡಿಸುತ್ತದೆ. ಎರಡನೇ ನೋಟ ಸಂದಿಯಲ್ಲಿ ನುಗ್ಗದಂತೆ ಅದು ಬರುವ ದಾರಿಯನ್ನು ಸ್ವಲ್ಪ ಮಂಕು ಮಾಡುತ್ತದೆ.

"ಯಾವುದು ಒಳ್ಳೆ ಒದೆತ ಅಂತ ಈ ಪಟ್ಟಿಗೆ ಹೇಗೆ ಗೊತ್ತಾಗುದು?" ಜಯಕರ ಕೇಳಿದ.

ಡಾಕ್ಟರ್ ಐರಿನ್ ನಕ್ಕರು. ಇದು ಅವರ ಹೆಮ್ಮೆಯ ಜಾಗ. "ನಾವು ಹೇಳುವುದೇ ಬೇಡ. ಅವನ ಮೆದುಳೇ ಹೇಳ್ತದೆ. ಯಾವ ಒದೆತ ಆದ ಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ, ಸಂತೋಷ ಆಗ್ತದೋ ಅದಕ್ಕೇ ಗುರುತು ಬೀಳ್ತದೆ."

ಜಯಕರನಿಗೆ ಇದು ಬಹಳ ಚೆಂದ ಕಂಡಿತು. ಸಂತೋಷ ಯಾವಾಗ ಆಗುತ್ತದೆ ಎಂದು ಅವನು ಆಗ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ದಿನವೂ ಪಟ್ಟಿ ಕಟ್ಟಿಕೊಂಡು ಆಡಿ ಮಲಗಿದ ಸುಜಿತ್ ಮುಂದಿನ ಋತುವಿನಲ್ಲಿ ಬೇರೆಯೇ ಆಟಗಾರನಾಗಿದ್ದ. ಚೆಂಡು ಸಿಕ್ಕಿದರೆ ಆಯಿತು. ತಡಬಡಿಸುವುದಿಲ್ಲ, ಅತ್ತ ಇತ್ತ ನೋಡುವುದಿಲ್ಲ, ಒದ್ದೇ ಬಿಡುತ್ತಾನೆ. ಸ್ಟ್ರೈಕರ್ ಕಾಲೆತ್ತಿದ ಕೂಡಲೇ ಒಂದು ಬದಿಯನ್ನು ಊಹಿಸಿ ಹಾರುವುದು ಕೀಪರುಗಳ ರೂಢಿ. ಅವರು ಹಾರುತ್ತಿದ್ದರು, ಅವರು ಬಿಟ್ಟ ಜಾಗದಲ್ಲೇ ಚೆಂಡು ಒಳಗೆ ಹೋಗುತ್ತಿತ್ತು. ಗೋಲಿನ ಮೇಲೆ ಗೋಲು. ಲಕ್ಷದ್ವೀಪದ ಸುದ್ದಿ ಕೇಳುತ್ತಿದ್ದವರೇ ಈಗ ದೋಣಿಕಡವಿನಲ್ಲಿ ಅವನಿಗೆ ಮೊದಲು ದಾರಿ ಬಿಟ್ಟರು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎಲ್ಲಿ ಬರ! ರೈಗಳು ಅವನಿಗೆ ಶಾಲು ಹೊದಿಸಿ ಪಟ ತೆಗೆಸಿಕೊಂಡರು.

ಜಯಕರ ಗೋಲಿನ ಹಿಂದೆ ಕೂತು ನೋಡುತ್ತಿದ್ದ. ಅವನಿಗೂ ಖುಷಿಯೇ. ಆದರೆ ಒಂದು ಸಂಗತಿ ಅವನಿಗೆ ಸೇರಲಿಲ್ಲ. ಮೊದಲೆಲ್ಲ ಸುಜಿತನ ಕಣ್ಣು ಮೂಲೆ ಹುಡುಕುತ್ತಿತ್ತು. ಈಗ ಅವನು ನೋಡುವುದು ಕೀಪರನನ್ನು ಮಾತ್ರ, ಅದೂ ಬಾಗಿಲನ್ನು ನೋಡುವ ಹಾಗೆ.

ಮನೆಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಹೇಮಲತಾಳಿಗೆ. ಮಧ್ಯಾಹ್ನ ಅವಳು ಒಲೆಯಿಂದ ಬಂಗುಡೆ ಸಾರಿನ ಪಾತ್ರೆ ಇಳಿಸಿ ಎರಡು ಕೈಯಲ್ಲಿ ಹಿಡಿದು ಊಟದ ಕೋಣೆಗೆ ಬರುತ್ತಿದ್ದಳು. ಸುಜಿತ್ ನೀರು ಕುಡಿಯಲು ಅಡುಗೆಮನೆಗೆ ಹೊರಟಿದ್ದ. ಬಾಗಿಲಲ್ಲಿ ಅಕ್ಕನನ್ನು ಕಂಡ, ಕಂಡೂ ನಡೆದ. ವೇಗ ಕಡಿಮೆ ಮಾಡಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಕುದಿಯುವ ಸಾರು ಅವಳ ತೋಳಿನ ಮೇಲೆಲ್ಲ ಚೆಲ್ಲಿತು.

"ಕಣ್ಣು ಕಾಣುದಿಲ್ವಾ ನಿಂಗೆ?" ಅವಳು ಚೀರಿದಳು.

ಸುಜಿತ್ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡ. "ಕಂಡಿತು ಅಕ್ಕ. ನೀನು ಸರೀತಿ ಅಂತ... ಸರಿದೇ ಸರೀತಿ ಅಂತ ಅನ್ನಿಸಿತು." ಅವನೇ ಅವಳ ತೋಳಿಗೆ ತಣ್ಣೀರು ಹೊಯ್ದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಅತ್ತ. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಇಷ್ಟು ಕಷ್ಟದ್ದಾಗುತ್ತಿರಲಿಲ್ಲ.

ಬೈಕಿನಲ್ಲಿ ಹೋಗುವಾಗಲೂ ಹಾಗೆಯೇ. ಬೆಂಗ್ರೆಯ ಓಣಿಯಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ಗೋಡೆಗೆ ಒರಗಿ ಜೀವ ಉಳಿಸಿಕೊಂಡರು. ಅವನಿಗೆ ಯಾರೂ ಬೈಯಲಿಲ್ಲ. ಗೋಲು ಹೊಡೆಯುವವನಿಗೆ ಬೈಯುವುದು ಹೇಗೆ? ಜಯಕರ ಬೈಕಿನ ಕೀಲಿ ತೆಗೆದಿಟ್ಟುಕೊಂಡ. ಹೇಮಲತಾ ಬಾಗಿಲುಗಳಲ್ಲಿ ನಿಲ್ಲುವುದನ್ನು ಬಿಟ್ಟಳು.

ಕೀಪರುಗಳು ದಡ್ಡರಲ್ಲ. ಇವನು ನಡುವಿಗೇ ಒದೆಯುತ್ತಾನೆ ಎಂದು ಅವರಿಗೆ ತಿಳಿಯಲು ಬಹಳ ಪಂದ್ಯಗಳು ಬೇಕಾಗಲಿಲ್ಲ. ಮಲ್ಪೆಯ ತಂಡದ ಕೀಪರ್ ಹಾರದೆ ನಿಂತ; ಅವನ ಮಣಿಕಟ್ಟು ಮುರಿಯಿತು. ಕುಂದಾಪುರದವನು ನಿಂತ, ಅವನ ದವಡೆ ಒಡೆಯಿತು. ಎರಡನೇ ನೋಟವಿಲ್ಲದ ಕಾಲಿಗೆ ಹಿಂಜರಿಕೆ ಇರುವುದಿಲ್ಲ. ಎದುರಿಗೆ ಮನುಷ್ಯನಿದ್ದರೆ ನಾವು ನೀವು ನಮಗೆ ತಿಳಿಯದೆಯೇ ಕೊನೆಯ ಗಳಿಗೆಯಲ್ಲಿ ಸ್ವಲ್ಪ ಬಲ ಹಿಡಿದುಕೊಳ್ಳುತ್ತೇವೆ. ಅವನಿಗೆ ಆ ಹಿಡಿತ ಉಳಿದಿರಲಿಲ್ಲ. ಒದೆತ ದಿನದಿಂದ ದಿನಕ್ಕೆ ಬಲವಾಗುತ್ತ ಹೋಯಿತು. ಆಮೇಲೆ ಕೀಪರುಗಳು ನಿಲ್ಲುವುದನ್ನೂ ಬಿಟ್ಟರು. ಸುಜಿತ್ ಕಾಲೆತ್ತಿದರೆ ಸಾಕು, ಪಕ್ಕಕ್ಕೆ ಸರಿದು ಗೋಲು ಬಿಟ್ಟುಕೊಟ್ಟರು. ಜನ ಇದನ್ನೂ ಸಾಮರ್ಥ್ಯವೆಂದೇ ಕರೆದರು. ಸಂಜೆಯ ಮರಳಿನಲ್ಲಿ ಮಕ್ಕಳು ಕೂಡ ಈಗ ಮೂಲೆಗೆ ಒದೆಯುತ್ತಿರಲಿಲ್ಲ.

ಡಾಕ್ಟರ್ ಐರಿನ್ ಜಯಕರನನ್ನು ಕರೆಸಿದ್ದು ಕುಂದಾಪುರದ ಪಂದ್ಯ ಮುಗಿದ ಮೇಲೆ. ಅವರು ನಿದ್ದೆ ಮಾಡಿದಂತಿರಲಿಲ್ಲ. ಪರದೆಯ ಮೇಲೆ ಅಭ್ಯಾಸದ ಚಿತ್ರಗಳನ್ನು ಒಂದೊಂದಾಗಿ ಓಡಿಸಿದರು. ಒಂದೊಂದರಲ್ಲೂ ಪಟ್ಟಿ ಗುರುತು ಹಾಕಿದ ಒದೆತವನ್ನು ಹಳದಿ ಬಣ್ಣದಲ್ಲಿ ತೋರಿಸಿದರು.

"ಎಲ್ಲವೂ ಆಯಾ ದಿನದ ಕೊನೆಯ ಒದೆತ," ಎಂದರು. "ಒಂದು ದಿನವೂ ತಪ್ಪದೆ. ಮೊದಲೆಲ್ಲ ಮೂಲೆಗೆ ಎಷ್ಟು ಚೆಂದದ ಗೋಲು ಹೊಡೆದಿದ್ದಾನೆ, ಅದಕ್ಕೆ ಗುರುತು ಬೀಳ್ಲಿಲ್ಲ. ಮತ್ತೆ ಇಲ್ಲಿ ನೋಡಿ ಜಯಕರಣ್ಣ. ಪ್ರತಿ ಸಲ ಚೆಂಡು ನೇರ ನಿಮ್ಮ ಮೇಲೆ ಬರ್ತದೆ. ಪ್ರತಿ ಸಲ ನೀವು ಬಲಕ್ಕೆ ಹಾರ್ತೀರಿ. ಇಷ್ಟು ವರ್ಷ ಆಡಿದ ಕೀಪರ್, ಕೊನೆಯ ಚೆಂಡಿಗೆ ಮಾತ್ರ ಯಾಕೆ ಮೋಸ ಹೋಗುದು?"

ಜಯಕರ ಹೇಳಿದ, ಎಲ್ಲವನ್ನೂ. ಮರಳಿನ ಕಟ್ಟಳೆ, ಹುಡುಗನ ಅಳು, ತನ್ನ ಸುಳ್ಳು ಹಾರಾಟ.

ಡಾಕ್ಟರ್ ಐರಿನ್ ಪರದೆಯನ್ನು ಆರಿಸಿದರು. "ನಾನು ಕೇಳ್ಬೇಕಿತ್ತು," ಎಂದರು. "ಅವನ ಸಂತೋಷವನ್ನು ನಂಬಿದೆ, ಅದು ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ. ನಾವಿಬ್ಬರೂ ಸೇರಿ ಅವನಿಗೆ ಕಲಿಸಿದ್ದು ಇಷ್ಟೇ: ಮನುಷ್ಯನ ಮೇಲೆ ಒದಿ, ಮನುಷ್ಯ ಸರೀತಾನೆ."

"ಪಟ್ಟಿ ತೆಗೆದುಬಿಡುವ ಡಾಕ್ಟ್ರೇ."

"ತೆಗೆದು ವಾರ ಆಯ್ತು. ಈಗ ಪಟ್ಟಿ ಇಲ್ಲದೆಯೂ ಅವನ ನಿದ್ದೆ ಅದನ್ನೇ ಆಡ್ತದೆ. ದಾರಿ ಸವೆದುಹೋಗಿದೆ." ಅವರು ದನಿ ತಗ್ಗಿಸಿದರು. "ಮಣಿಕಟ್ಟು, ದವಡೆ, ಅದೆಲ್ಲ ವಾಸಿಯಾಗ್ತದೆ. ನನಗೆ ಹೆದರಿಕೆ ಎದೆಯದ್ದು. ಹೃದಯ ಒಂದು ಬಡಿತ ಮುಗಿಸಿ ಇನ್ನೊಂದಕ್ಕೆ ಸಿದ್ಧವಾಗುವ ಚಿಟಿಕೆ ಹೊತ್ತಿನಲ್ಲಿ ಎದೆಗೆ ಅಂಥ ಪೆಟ್ಟು ಬಿದ್ರೆ ಅದು ಲಯ ತಪ್ಪಿ ನಿಲ್ಲಬಹುದು. ಗಟ್ಟಿಮುಟ್ಟು ಹುಡುಗರಿಗೂ."

ಇಬ್ಬರೂ ರೈಗಳ ಬಳಿ ಹೋದರು. ರೈಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಚಹಾ ತರಿಸಿ, "ಚೆಂಡು ತಾಗುದು ಕೀಪರನ ಕೆಲಸ ಅಲ್ವಾ ಜಯಕರ? ನಿನಗೆ ತಾಗ್ಲಿಲ್ವಾ?" ಎಂದರು. ಫೈನಲಿಗೆ ಇನ್ನು ಹೆಚ್ಚು ದಿನವಿರಲಿಲ್ಲ. ಅಷ್ಟೇ ಅಲ್ಲ, ಪಟ್ಟಿಯಲ್ಲಿ ಉಳಿದ ಸುಜಿತನ ಒದೆತದ ಅಚ್ಚನ್ನು ಬೇರೆ ಮೂರು ಕ್ಲಬ್ಬುಗಳು ಕೇಳಿ ಆಗಿತ್ತು; ಅವರ ಹುಡುಗರ ಹಣೆಗೂ ಪಟ್ಟಿ ಬರುವುದಿತ್ತು. "ಕೀಪರುಗಳು ಸರಿದ್ರೆ ಯಾರಿಗೂ ಏನೂ ಆಗುದಿಲ್ಲ. ಸರಿಯಲಿ," ಎಂದು ರೈಗಳು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು.

ಸುಜಿತನಿಗೆ ಸತ್ಯ ಹೇಳಿದ್ದು ಜಯಕರನೇ, ಮನೆಯ ಜಗಲಿಯಲ್ಲಿ, ಹೇಮಲತಾಳ ಎದುರಿಗೆ. ಹೇಳುವುದು ಮುಗಿದ ಮೇಲೆ ಸುಜಿತ್ ಕೇಳಿದ ಮೊದಲ ಮಾತು ಪಟ್ಟಿಯದ್ದಲ್ಲ.

"ಸಣ್ಣವನಿರುವಾಗಿನದ್ದು ಕೂಡ ಸುಳ್ಳಾ ಭಾವ?"

"ಹೌದು," ಎಂದ ಜಯಕರ.

"ಪರ್ವಾಗಿಲ್ಲ," ಎಂದ ಸುಜಿತ್, ತುಟಿ ಕಚ್ಚಿಕೊಂಡು. "ನಂಗೂ ಏನೋ ಆಗಿದೆ ಅಂತ ಗೊತ್ತಿತ್ತು. ಮೂಲೆಗೆ ಹೊಡೆಯುವ ಅಂತ ಹೋಗ್ತೇನೆ. ನಾನು ಮೂಲೆ ನೋಡ್ತೇನೆ ಭಾವ, ಕಾಲು ಮನುಷ್ಯನನ್ನೇ ನೋಡ್ತದೆ. ಆ ಕುಂದಾಪುರದವ ಬಿದ್ದಾಗ ಎಲುಬು ಒಡೆದ ಶಬ್ದ ಕೇಳಿತು. ಆದ್ರೂ ಖುಷಿಯಾಯ್ತು. ಅದು ಯಾರ ಖುಷಿಯೋ ಗೊತ್ತಿಲ್ಲ."

ಹೇಮಲತಾ ತಮ್ಮನ ತಲೆ ಸವರಿದಳು. "ಫೈನಲ್ ಆಡಬೇಡ ಮಗಾ," ಎಂದಳು. ಆದರೆ ಕ್ಲಬ್ಬಿಗೆ ಆಡುತ್ತೇನೆಂಬ ಒಪ್ಪಂದಕ್ಕೆ ಅವನ ಸಹಿ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಆಡದೆ ಕೂತರೆ ಮತ್ತೆ ದೋಣಿಕಡವಿನಲ್ಲಿ ಲಕ್ಷದ್ವೀಪದ ಮಾತು ಕೇಳಬೇಕು, ಅದನ್ನು ಅವನಿಂದ ತಾಳಲಾಗುತ್ತಿರಲಿಲ್ಲ. ವಾಸಿ ಮಾಡಿ ಎಂದು ಅವನು ಡಾಕ್ಟರ್ ಐರಿನ್ ಅವರ ಕಾಲು ಹಿಡಿದ.

ಅಳಿಸುವುದು ಸಾಧ್ಯವಿಲ್ಲ, ಅದರ ಮೇಲೆ ಇನ್ನೊಂದನ್ನು ಬರೆಯಬಹುದು ಎಂದರು ಅವರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಕೊನೆಯ ಚೆಂಡನ್ನು ಅದೇ ಕೀಪರ್ ಹಾರದೆ ನಿಂತು ಹಿಡಿಯಬೇಕು. ಮನುಷ್ಯ ಸರಿಯಲಿಲ್ಲ ಎನ್ನುವ ಬೆಚ್ಚುವಿಕೆ ಆ ಸಂತೋಷದಷ್ಟೇ ದೊಡ್ಡದಾಗಿ ಬರಬೇಕು. ಪಟ್ಟಿ ಅದಕ್ಕೆ ಗುರುತು ಹಾಕಿ ನಿದ್ದೆಯಲ್ಲಿ ಆಡಿಸಬೇಕು. ಹುಲ್ಲಿನ ಬೊಂಬೆ ನಿಲ್ಲಿಸಿ ನೋಡಿ ಆಗಿತ್ತು. ಸುಜಿತನ ಮೆದುಳು ಅದನ್ನು ಕ್ಯಾರೇ ಅನ್ನಲಿಲ್ಲ. ಅವನು ಇಷ್ಟು ವರ್ಷ ಕಂಡ ಮನುಷ್ಯನೇ ಬೇಕು.

"ನಾನು ನಿಲ್ತೇನೆ," ಎಂದ ಜಯಕರ.

"ಸತ್ತುಹೋದ್ರೆ?" ಹೇಮಲತಾ ಕೇಳಿದಳು. ಸಾರಿನಿಂದ ಸುಟ್ಟ ತೋಳಿನ ಬ್ಯಾಂಡೇಜನ್ನು ಇನ್ನೂ ಬಿಚ್ಚಿರಲಿಲ್ಲ.

"ಬೇರೆಯವರ ಮನೆಯ ಹುಡುಗ ಸಾಯುದಕ್ಕಿಂತ ನಾನು ನಿಲ್ಲುದು ಒಳ್ಳೇದಲ್ವಾ? ಮಾಡಿದ್ದು ನಾನೇ ತಾನೆ?"

ಅವಳು ಪೆಟ್ಟಿಗೆಯಲ್ಲಿದ್ದ ಅವನ ಹಳೆಯ ಕೈಗವಸು ತೆಗೆದುಕೊಟ್ಟಳು.

ಫೈನಲಿನ ಹಿಂದಿನ ದಿನ ಮಧ್ಯಾಹ್ನ ಮೈದಾನ ಖಾಲಿಯಿತ್ತು. ಡಾಕ್ಟರ್ ಐರಿನ್ ಜಯಕರನ ಅಂಗಿಯ ಒಳಗೆ ದಪ್ಪ ಮೆತ್ತೆ ಕಟ್ಟಿಸಿ, ಗೋಲುಕಂಬದ ಪಕ್ಕ ಹೃದಯಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಇಟ್ಟುಕೊಂಡು ಕೂತರು. ಸುಜಿತ್ ಪಟ್ಟಿ ಕಟ್ಟಿಕೊಂಡ. ದಣಿಯುವವರೆಗೆ ಓಡಿದ. ಆಮೇಲೆ ಚೆಂಡು ಇಟ್ಟು, "ಕೊನೆಯದ್ದು ಭಾವ," ಎಂದ, ಪ್ರತಿ ಸಲ ಹೇಳುವ ಹಾಗೆಯೇ.

ಜಯಕರ ಪಾದ ಊರಿ ನಿಂತ. ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹೆದರಿಕೆ ಇತ್ತು, ಆದರೆ ಅದನ್ನು ಅವನು ಗೆದ್ದಾಗಿತ್ತು. ಅದರ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ. ಸುಜಿತ್ ಓಡಿ ಬಂದ. ಕಾಲೆತ್ತಿದ.

ಜಯಕರ ಮಣ್ಣಿನ ಮೇಲೆ ಬಿದ್ದಿದ್ದ. ಬಲಕ್ಕೆ. ಚೆಂಡು ಬಲೆಯಲ್ಲಿತ್ತು.

ತಾನು ಹಾರಿದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ. ಸುಜಿತ್ ಎರಡೂ ಕೈ ಎತ್ತಿ ಕುಣಿದ, ಕುಣಿಯುತ್ತಲೇ ಮುಖ ಬಿಳಿಚಿಕೊಂಡ. "ಯಾಕೆ ಹಾರಿದ್ದು ಭಾವ?"

"ಇನ್ನೊಂದು," ಎಂದ ಜಯಕರ.

ಇನ್ನೊಂದಕ್ಕೂ ಹಾರಿದ. ಮತ್ತೊಂದಕ್ಕೂ. ಬಲಗಾಲನ್ನು ಬಲೆಯ ಹಗ್ಗಕ್ಕೆ ಸುತ್ತಿಕೊಂಡು ನಿಂತ. ಹಗ್ಗ ಕಿತ್ತುಕೊಂಡು ಮೈ ಬಲಕ್ಕೆ ಬಿತ್ತು. "ನನ್ನನ್ನು ಕಂಬಕ್ಕೆ ಕಟ್ಟಿ ಡಾಕ್ಟ್ರೇ," ಎಂದು ಕೂಗಿದ. ಡಾಕ್ಟರ್ ಐರಿನ್ ಎದ್ದು ಬಂದು ಚೆಂಡನ್ನು ಎತ್ತಿಕೊಂಡುಬಿಟ್ಟರು.

"ಸಾಕು ಮಾಡಿ. ಕಟ್ಟಿ ಒದೆಸಿದ್ರೆ ಅದಕ್ಕೆ ಕೊಲೆ ಅಂತ ಹೆಸರು. ಮತ್ತೆ ಒಂದೊಂದು ಗೋಲೂ ಅವನ ತಲೆಯಲ್ಲಿ ಇನ್ನೂ ಗಟ್ಟಿಯಾಗ್ತಾ ಉಂಟು." ಅವರು ಜಯಕರನ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು. "ಅವನಿಗೆ ಪಟ್ಟಿ ಬೇಕಾಯ್ತು. ನಿಮಗೆ ಬೇಕಾಗ್ಲಿಲ್ಲ. ನೀವು ಹದಿನೇಳು ವರ್ಷ ಪ್ರಾಕ್ಟೀಸ್ ಮಾಡಿದ್ದೀರಿ."

ಇನ್ನು ಉಳಿದದ್ದು ಒಂದೇ ದಾರಿ, ಅದನ್ನು ಕಂಡುಕೊಂಡದ್ದು ಸುಜಿತ್. "ನಾನು ಒದೆಯುದೇ ಇಲ್ಲ. ಚೆಂಡು ಸಿಕ್ಕಿದ ಕೂಡಲೇ ಪಾಸ್ ಕೊಡ್ತೇನೆ," ಎಂದ. ಅದೇ ಸರಿ ಎಂದು ಮೂವರೂ ಒಪ್ಪಿದರು. ಬೇರೆ ದಾರಿ ಇಲ್ಲದಾಗ ಮನುಷ್ಯ ಎಷ್ಟು ಬೇಗ ಒಪ್ಪುತ್ತಾನೆ.

ಫೈನಲಿನ ಎದುರಾಳಿ ಗಂಗೊಳ್ಳಿಯ ತಂಡ. ಅದರ ಕೀಪರ್ ಡೆನಿಲ್ ಪಿಂಟೊ, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಆಟಕ್ಕೆ ಮೊದಲು ಜಯಕರ ಅವನನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿ ತನ್ನ ಎದೆಯ ಮೆತ್ತೆಯನ್ನು ಚಾಚಿದ.

"ಇದನ್ನು ಕಟ್ಟಿಕೋ ಮಗಾ. ಇಲ್ಲದಿದ್ರೆ ಸುಜಿತ್ ಕಾಲೆತ್ತಿದ ಕೂಡಲೇ ಪಕ್ಕಕ್ಕೆ ಹೋಗು. ಒಂದು ಗೋಲಿಗೆ ಜೀವ ಕೊಡ್ಲಿಕ್ಕಿಲ್ಲ."

ಡೆನಿಲ್ ಗೌರವದಿಂದಲೇ ನಕ್ಕ. "ಜಯಕರಣ್ಣ, ನೀವು ಅವರ ಭಾವ ಅಂತ ನನಗೆ ಗೊತ್ತುಂಟು. ನನ್ನನ್ನು ಹೆದರಿಸ್ಲಿಕ್ಕೆ ನಿಮ್ಮನ್ನೇ ಕಳಿಸಿದ್ದಾ? ಅವರು ನಡುವಿಗೇ ಒದೆಯುದು, ನೀನು ಅಲ್ಲಾಡಬೇಡ ಅಂತ ನಮ್ಮ ಕೋಚ್ ಹೇಳಿದ್ದಾರೆ. ನಾನು ಅಲ್ಲಾಡುವವ ಅಲ್ಲ." ಮೆತ್ತೆಯನ್ನು ಮುಟ್ಟದೆ ಮೆಟ್ಟಿಲು ಹತ್ತಿ ಹೋದ.

ಮೊದಲರ್ಧವಿಡೀ ಸುಜಿತ್ ಮಾತು ಉಳಿಸಿಕೊಂಡ. ಚೆಂಡು ಬಂದರೆ ಬೆಂಕಿ ಮುಟ್ಟಿದವನಂತೆ ಪಕ್ಕದವನಿಗೆ ದಾಟಿಸಿದ. ಗ್ಯಾಲರಿ ಬೊಬ್ಬೆ ಹಾಕಿತು; ಲಕ್ಷದ್ವೀಪ, ಲಕ್ಷದ್ವೀಪ ಎಂದು ಯಾರೋ ಶುರುಮಾಡಿದರು, ಹಲವರು ಸೇರಿಕೊಂಡರು. ವಿಶ್ರಾಂತಿಯಲ್ಲಿ ರೈಗಳು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ತಲೆಯಾಡಿಸಲಿಲ್ಲ. ಗೋಲಿನ ಹಿಂದೆ ನಿಂತಿದ್ದ ಜಯಕರನ ಕಡೆ ನೋಡಿ, ಇಲ್ಲ ಎನ್ನುವಂತೆ ಕೈ ಮಾಡಿದ. ಜಯಕರನಿಗೆ ಅವನ ಮೇಲೆ ಎಂದೂ ಬರದಷ್ಟು ಹೆಮ್ಮೆ ಬಂತು.

ಆಟ ಮುಗಿಯುತ್ತ ಬಂದಾಗ ಗಂಗೊಳ್ಳಿಯವರ ಕಾಲಿಗೆ ತಾಗಿ ಜಾರಿದ ಚೆಂಡೊಂದು ಉರುಳಿ ಉರುಳಿ ಸುಜಿತನ ಮುಂದೆಯೇ ಬಂದು ನಿಂತಿತು. ಎದುರಿಗೆ ಡೆನಿಲ್ ಒಬ್ಬನೇ. ಸುಜಿತ್ ಪಾಸ್ ಕೊಡಲು ಎಡಕ್ಕೆ ನೋಡಿದ, ಯಾರೂ ಇರಲಿಲ್ಲ. ಬಲಕ್ಕೆ ನೋಡುವುದರೊಳಗೆ ಕಾಲು ತನ್ನ ಕೆಲಸ ಮಾಡಿ ಮುಗಿಸಿತ್ತು.

ಡೆನಿಲ್ ಅಲ್ಲಾಡಲಿಲ್ಲ. ಚೆಂಡು ಅವನ ಎದೆಗೆ ಬಡಿಯಿತು. ಅವನು ಒಂದು ಹೆಜ್ಜೆ ಮುಂದೆ ಬಂದು, ಏನನ್ನೋ ನೆನಪಿಸಿಕೊಳ್ಳುವವನಂತೆ ನಿಂತು, ಬೋರಲಾಗಿ ಗೋಲಿನ ಗೆರೆಯ ಮೇಲೆ ಬಿದ್ದ. ಬಿದ್ದವನು ಕೈ ಊರಲಿಲ್ಲ. ರೆಫರಿಯ ಸೀಟಿ ಗ್ಯಾಲರಿಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಚೆಂಡು ಮೆಲ್ಲಗೆ ಉರುಳುತ್ತ ಸುಜಿತನ ಕಡೆಗೇ ಹೊರಟಿತು.

ಡೆನಿಲನ ಗೋಲಿನ ಹಿಂದೆಯೇ ನಿಂತಿದ್ದ ಜಯಕರ ಆಗಲೇ ಓಡುತ್ತಿದ್ದ. ಕಂಬದ ಪಕ್ಕದಿಂದ ನುಗ್ಗಿ, ಬಿದ್ದ ಹುಡುಗನನ್ನು ಹಿಂದೆ ಹಾಕಿಕೊಂಡು, ಎರಡೂ ಕೈ ಅಗಲಿಸಿ ನಿಂತ. ಡಾಕ್ಟರ್ ಐರಿನ್ ಕರೆಂಟಿನ ಪೆಟ್ಟಿಗೆ ಹಿಡಿದುಕೊಂಡು ಅಂಕಣದ ಆಚೆ ಬದಿಯಿಂದ ಓಡಿ ಬರುವುದು ಕಾಣುತ್ತಿತ್ತು. ತಾನು ಸರಿದರೆ ಚೆಂಡು ಹೋಗುವುದು ಆ ಹುಡುಗನ ಮೇಲೆ; ಅವರು ಬಂದು ಮುಟ್ಟುವವರೆಗೆ ನಿಂತರೆ ಸಾಕು.

ಸುಜಿತ್ ತಲೆಯೆತ್ತಿದ. ಗೋಲಿನ ನಡುವೆ ಭಾವ ನಿಂತಿರುವುದನ್ನು ಕಂಡ. ಅವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ತಲೆ ಬೇಡ ಬೇಡ ಎಂದು ಅಲುಗುತ್ತಿತ್ತು, ಕಾಲು ಹಿಂದಕ್ಕೆ ಹೋಗುತ್ತಿತ್ತು.

"ನಿಲ್ಲಿ ಭಾವ!" ಎಂದು ಅವನು ಕಿರುಚಿದ. "ಈ ಸಲ ನಿಲ್ಲಿ!"

"ನಿಲ್ತೇನೆ!" ಎಂದು ಜಯಕರ ಕೂಗಿದ. ಕೂಗುತ್ತಿರುವಾಗಲೇ ತನ್ನ ಬಲ ಮೊಣಕಾಲು ಬಾಗುತ್ತಿರುವುದು ಅವನಿಗೆ ತಿಳಿಯಿತು.